ರಾಯಚೂರಿನ ಬಿಸಿಲಲ್ಲಿ ಮನೆಯೊಳಗೆ ಸೊಪ್ಪು: ಹೈಡ್ರೊಪೋನಿಕ್ಸ್ ಟಿಪ್ಪಣಿ

ಮೇ ತಿಂಗಳ ಒಂದು ಮಧ್ಯಾಹ್ನ ಕೋಣೆಯ ಮೂಲೆಯಲ್ಲಿದ್ದ ಟಬ್‌ಗೆ ಥರ್ಮಾಮೀಟರ್ ಇಳಿಬಿಟ್ಟೆ. 34 ಡಿಗ್ರಿ ತೋರಿಸಿತು. ಪಾಲಕ್ ಗಿಡವನ್ನು ಬುಟ್ಟಿ ಸಮೇತ ಎತ್ತಿ ನೋಡಿದೆ. ಬೆಳ್ಳಗಿರಬೇಕಾದ ಬೇರು ಕುದಿಸಿದ ಚಹಾಪುಡಿಯ ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಸಿಪ್ಪೆ ಜಾರಿ ಕೈಗೆ ಬಂತು. ಒಳಗೆ ನೂಲಿನಂಥ ಎಳೆ ಮಾತ್ರ ಉಳಿಯಿತು. ನೀರಿದೆ, ಗೊಬ್ಬರ ಇದೆ, ಮೇಲೆ ದೀಪ ಉರಿಯುತ್ತಿದೆ. ಆದರೂ ಗಿಡ ಬಾಡಿ ನಿಂತಿತ್ತು.

ಹೈಡ್ರೊಪೋನಿಕ್ಸ್ ಅಂದರೆ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲೇ ಗಿಡ ಬೆಳೆಸೋದು. ಅವತ್ತಿನಿಂದ ಬರೆದಿಟ್ಟುಕೊಂಡ ಟಿಪ್ಪಣಿ ಇದು. ರಾಯಚೂರು, ಮಾನ್ವಿ, ಸಿಂಧನೂರು ಕಡೆ ಈಗಷ್ಟೇ ಶುರು ಮಾಡುತ್ತಿರುವವರಿಗಾಗಿ ಹಂಚಿಕೊಳ್ಳುತ್ತಿದ್ದೇನೆ. ದೀಪದ ಬಗ್ಗೆ ಓದೋಕೆ ಬೇಕಾದಷ್ಟು ಸಿಗುತ್ತದೆ. ನಮ್ಮ ಊರಲ್ಲಿ ಗಿಡ ಸಾಯೋದು ನೀರಿನಿಂದ. ಅದಕ್ಕೇ ನೀರಿನ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಒಂದು ಎಚ್ಚರಿಕೆ

ಮನೆಯೊಳಗಿನ ಹೈಡ್ರೊಪೋನಿಕ್ಸ್ ಅಂತ ಹುಡುಕಿದರೆ ಕಣ್ಣಿಗೆ ಬೀಳೋದು ಹೆಚ್ಚಾಗಿ ಗಾಂಜಾ ಬೆಳೆಸುವ ಹೊರದೇಶದ ಟೆಂಟ್‌ಗಳೇ. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಆ ಗಿಡ ಬೆಳೆಸೋದು ಅಪರಾಧ. ಹತ್ತು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಮನೆಯೊಳಗೆ ಒಂದೇ ಗಿಡ ಇಟ್ಟರೂ ಬೆಳೆಸಿದಂತೆಯೇ. ಕಲಿಯುವವರಿಗೆ ಇನ್ನೊಂದು ತೊಂದರೆಯೂ ಇದೆ. ಅಲ್ಲಿನ ದೀಪದ ಲೆಕ್ಕ, ಗೊಬ್ಬರದ ಲೆಕ್ಕ ಎಲ್ಲಾ ಹೂವಿಗಾಗಿ ಬೆಳೆಸುವ ದೊಡ್ಡ ಗಿಡದ್ದು. ಅದನ್ನೇ ತಂದು ಕೊತ್ತಂಬರಿಗೆ ಹಾಕಿದರೆ ಎಲೆಯ ಅಂಚು ಸುಟ್ಟುಹೋಗುತ್ತದೆ. ಈ ಟಿಪ್ಪಣಿಯಲ್ಲಿರೋದು ಅಡುಗೆಮನೆಯ ಸೊಪ್ಪಿನ ಲೆಕ್ಕ ಮಾತ್ರ.

ಬಿಸಿ ನೀರಲ್ಲಿ ಉಸಿರು ಕಡಿಮೆ

ಬೇರು ಕೂಡ ಉಸಿರಾಡುತ್ತದೆ. ಮಣ್ಣಿನಲ್ಲಿ ಕಣಗಳ ನಡುವೆ ಗಾಳಿ ಇರುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕವೇ ಗತಿ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5, 35ರಲ್ಲಿ ಇನ್ನೂ ಸ್ವಲ್ಪ ಕಡಿಮೆ, 7ರ ಆಸುಪಾಸು. ಇಷ್ಟೇನಾ ಅನಿಸಬಹುದು. ಆದರೆ ಬಿಸಿ ಹತ್ತು ಡಿಗ್ರಿ ಏರಿದರೆ ಬೇರಿನ ಉಸಿರಾಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಒಂದು ಕಡೆ ಆದಾಯ ಇಳಿಯಿತು, ಇನ್ನೊಂದು ಕಡೆ ಖರ್ಚು ಏರಿತು. ಸೋತ ಬೇರಿಗೆ ಪಿಥಿಯಂ ಅನ್ನುವ ಸೂಕ್ಷ್ಮಜೀವಿಯಿಂದ ಕೊಳೆರೋಗ ಹತ್ತುತ್ತದೆ. ನನ್ನ ಕೈಗೆ ಬಂದ ಸಿಪ್ಪೆ ಅದರದೇ ಕೆಲಸ.

ನೀರು 20ರಿಂದ 25 ಡಿಗ್ರಿ ಒಳಗಿದ್ದರೆ ಒಳ್ಳೆಯದು. ನಮ್ಮಲ್ಲಿ ಬೇಸಿಗೆಯಲ್ಲಿ ಹೊರಗೆ 40 ದಾಟುತ್ತದೆ, ರಾತ್ರಿಯೂ ಗೋಡೆ ತಣಿಯಲ್ಲ. ಇದಕ್ಕೆ ಉಪಾಯ ನಮ್ಮ ಮನೆಯ ಕುಡಿಯುವ ನೀರಿನ ಮಣ್ಣಿನ ಹರವಿಯಲ್ಲೇ ಇದೆ. ಹರವಿಯ ಮೈ ಬೆವರಿ ಆ ನೀರು ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಟಬ್‌ಗೂ ಅದನ್ನೇ ಮಾಡಿದೆ. ಸುತ್ತಲೂ ಗೋಣಿಚೀಲ ಸುತ್ತಿ, ಅದರ ಅಂಚನ್ನು ನೀರಿನ ತಟ್ಟೆಯಲ್ಲಿ ಅದ್ದಿಟ್ಟು, ಹತ್ತಿರ ಒಂದು ಸಣ್ಣ ಫ್ಯಾನ್ ಇಟ್ಟೆ. ನಮ್ಮ ಬೇಸಿಗೆಯ ಗಾಳಿ ಒಣಗಾಳಿ, ಅದಕ್ಕೇ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ಟಬ್‌ನಲ್ಲಿ 34 ಇದ್ದದ್ದು 28ಕ್ಕೆ ಇಳಿಯಿತು. ಮಳೆಗಾಲದ ತೇವದ ಗಾಳಿಯಲ್ಲಿ ಇಷ್ಟು ಇಳಿಯಲ್ಲ. ಆಗ ಬಿಸಿಲೂ ಅಷ್ಟಿರಲ್ಲ ಬಿಡಿ.

ಟಬ್ ದೊಡ್ಡದಿದ್ದಷ್ಟೂ ಒಳ್ಳೆಯದು. 5 ಲೀಟರಿನ ಡಬ್ಬಿ ಬೇಗ ಕಾಯುತ್ತದೆ. 20 ಲೀಟರಿನದು ನಿಧಾನಕ್ಕೆ ಕಾಯುತ್ತದೆ.

ಮೀಟರ್ ಉಪ್ಪನ್ನು ಎಣಿಸುತ್ತದೆ, ಊಟವನ್ನಲ್ಲ

ನಾನು ತುಂಬಾ ದಿನ ತಪ್ಪು ತಿಳಿದುಕೊಂಡಿದ್ದು ಇದನ್ನೇ. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಅನ್ನೋದನ್ನು, ನೀರು ಎಷ್ಟು ಕರೆಂಟ್ ಹರಿಸುತ್ತದೆ ಅಂತ ಅಳೆದು ಇ.ಸಿ. ಮೀಟರ್ ಹೇಳುತ್ತದೆ (ಲೆಕ್ಕ ಮಿಲಿಸೀಮೆನ್ಸ್‌ನಲ್ಲಿ). ಪಾಲಕ್‌ಗೆ 1.8ರಿಂದ 2.3, ಪುದೀನಕ್ಕೆ 2ರ ಆಸುಪಾಸು, ಲೆಟಿಸ್‌ಗೆ 1.2ರಿಂದ 1.8 ಇರಬೇಕು ಅಂತ ಓದಿದ್ದೆ. ನಮ್ಮ ಬೋರ್ ನೀರಿಗೆ ಗೊಬ್ಬರವನ್ನೇ ಹಾಕದೆ ಮೀಟರ್ ಅದ್ದಿದರೆ 1.4 ಬಂತು. ಅರ್ಧ ಕೆಲಸ ಆಗೇಹೋಗಿದೆ ಅಂತ ಖುಷಿಪಟ್ಟು, 2 ಬರುವಷ್ಟು ಮಾತ್ರ ಗೊಬ್ಬರ ಹಾಕಿದೆ. ಎರಡೇ ವಾರದಲ್ಲಿ ಎಲೆ ತಿಳಿಹಳದಿ.

ಚೀಲದ ತೂಕ ನೋಡಿದರೆ ಒಳಗಿರೋದು ಅಕ್ಕಿಯೋ ಕಲ್ಲೋ ಗೊತ್ತಾಗಲ್ಲ, ಅಲ್ವಾ? ಹಾಗೇ ಇದೂ. ಆ 1.4ರಲ್ಲಿ ಇದ್ದದ್ದು ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್, ಒಂದಷ್ಟು ಕ್ಯಾಲ್ಸಿಯಂ. ಗಿಡಕ್ಕೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಸೇರಿದ್ದು ಉಳಿದ 0.6ರಲ್ಲಿ ಮಾತ್ರ. ಹಾಗಂತ ಗೊಬ್ಬರ ಜಾಸ್ತಿ ಮಾಡಿದರೆ ಒಟ್ಟು ಉಪ್ಪು ಏರಿ ಬೇರಿಗೆ ನೀರು ಎಳೆದುಕೊಳ್ಳೋದೇ ಕಷ್ಟ.

ದಾರಿ ಒಂದೇ, ಉಪ್ಪು ಕಡಿಮೆ ಇರುವ ನೀರಿನಿಂದ ಶುರು ಮಾಡೋದು. ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ಸಾಕು. ಮಳೆ ನೀರು ಇನ್ನೂ ಒಳ್ಳೆಯದು. ಕೃಷ್ಣೆ, ತುಂಗಭದ್ರೆ ನಡುವಿನ ಈ ಎಡೆದೊರೆ ನಾಡಲ್ಲಿ ಮಳೆ ಕಡಿಮೆ, ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಆದರೂ ನೂರು ಚದರ ಅಡಿ ಮಾಳಿಗೆಯ ಮೇಲೆ ಅದು 5,500 ಲೀಟರ್ ಆಗುತ್ತದೆ. ಒಂದು ಟಬ್ ಸೊಪ್ಪಿಗೆ ಒಂದು ಡ್ರಮ್ ಹಿಡಿದಿಟ್ಟುಕೊಂಡರೂ ತಿಂಗಳುಗಟ್ಟಲೆ ಬರುತ್ತದೆ.

ಗಡಸು ನೀರಿನ ಇನ್ನೊಂದು ಕಾಟ ಪಿ.ಎಚ್., ಅಂದರೆ ನೀರಿನ ಹುಳಿ-ಕ್ಷಾರದ ಅಳತೆ. ಅದು 5.5ರಿಂದ 6.5 ಒಳಗೆ ಇರಬೇಕು. ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಇವತ್ತು 6ಕ್ಕೆ ಇಳಿಸಿದ್ದು ನಾಳೆ ನಾಡಿದ್ದರಲ್ಲಿ ಮತ್ತೆ ಏರುತ್ತದೆ. 7 ದಾಟಿದರೆ ಕಬ್ಬಿಣ ನೀರಿನಲ್ಲಿದ್ದರೂ ಗಿಡಕ್ಕೆ ಸಿಗಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಸುಣ್ಣ ಜಾಸ್ತಿ ಇರುವ ನೆಲದಲ್ಲಿ ಶೇಂಗಾ ಹಳದಿ ತಿರುಗೋದನ್ನು ನೋಡಿರುತ್ತೀರಿ. ಅದೇ ಕಾಯಿಲೆ ಇದು. ಇಳಿಸೋಕೆ ಫಾಸ್ಫರಿಕ್ ಆಮ್ಲ ಹನಿಹನಿಯಾಗಿ ಹಾಕಬೇಕು. ಕೈಗವಸು ಬೇಕು. ಯಾವಾಗಲೂ ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಲಿಂಬೆಹುಳಿ ಪುಡಿ ಹಾಕಿದರೂ ಇಳಿಯುತ್ತದೆ, ಆದರೆ ಹೆಚ್ಚು ದಿನ ನಿಲ್ಲಲ್ಲ.

ಗೊಬ್ಬರ ಒಡೆದ ಕಥೆ

ಡ್ರಿಪ್ ಗೊಬ್ಬರದ ಅಂಗಡಿಯಲ್ಲಿ ಮೊದಲು ಸಿಗೋದು 19:19:19, ಅಂದರೆ ನೂರರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ತಲಾ 19 ಪಾಲು. ನಾನೂ ಅದನ್ನೇ ತಂದೆ. ಅದರ 19 ಪಾಲು ಸಾರಜನಕದಲ್ಲಿ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಒಡೆದು ಗಿಡಕ್ಕೆ ಕೊಡುತ್ತವೆ. ಟಬ್‌ನಲ್ಲಿ ಆ ಕೆಲಸಗಾರರು ತೀರಾ ಕಡಿಮೆ. ಮೇಲಾಗಿ ಯೂರಿಯಾ ಇ.ಸಿ. ಮೀಟರ್‌ಗೆ ಕಾಣೋದೇ ಇಲ್ಲ. ಅದಕ್ಕೇ ಹೈಡ್ರೊಪೋನಿಕ್ಸ್‌ಗೆ ಅಂತಲೇ ಮಾಡಿದ, ಸೂಕ್ಷ್ಮ ಪೋಷಕಾಂಶ ಸೇರಿರುವ 4:18:38 ಮಿಶ್ರಣ ತನ್ನಿ. 10 ಲೀಟರ್ ಶುದ್ಧ ನೀರಿಗೆ ಅದು 6 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 3 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 6 ಗ್ರಾಂ. ಸಸಿ ಚಿಕ್ಕದಿದ್ದರೆ ಇದರ ಅರ್ಧ.

ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು. ಒಮ್ಮೆ ಅವಸರಕ್ಕೆ ಮೂರನ್ನೂ ಒಂದೇ ಲೋಟದ ನೀರಿಗೆ ಸುರಿದೆ. ತಿಳಿಯಾಗಿದ್ದ ನೀರು ಹಾಲು ಒಡೆದ ಹಾಗೆ ಬೆಳ್ಳಗಾಗಿ ತಳಕ್ಕೆ ಸುಣ್ಣದ ಗಸಿ ಕೂತಿತು. ಕ್ಯಾಲ್ಸಿಯಂ ಗಟ್ಟಿ ದ್ರಾವಣದಲ್ಲಿ ಸಲ್ಫೇಟನ್ನೂ ಫಾಸ್ಫೇಟನ್ನೂ ಕಂಡರೆ ಹಿಡಿದುಕೊಂಡು ಕೆಳಗೆ ಕೂರುತ್ತದೆ. ಕೂತಿದ್ದು ಮತ್ತೆ ಸುಲಭಕ್ಕೆ ಕರಗಲ್ಲ. ಅಂಗಡಿಯಲ್ಲಿ ಎ ಬಾಟಲಿ, ಬಿ ಬಾಟಲಿ ಅಂತ ಬೇರೆ ಬೇರೆ ಮಾರೋದು ಇದಕ್ಕೇ.

ಪಂಪ್ ಇಲ್ಲದ ವಿಧಾನ

ಕರೆಂಟ್ ಹೋಗುವ ಊರಿಗೆ ಕ್ರಾಟ್ಕಿ ವಿಧಾನ ಹೊಂದುತ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಬೆಳಕಿಗೆ ತಂದದ್ದು. ಮುಚ್ಚಳಕ್ಕೆ ತೂತು, ತೂತಿಗೆ ಜಾಲರಿ ಬುಟ್ಟಿ, ಬುಟ್ಟಿಯ ತಳ ನೀರಿಗೆ ತಾಗಬೇಕು, ಅಷ್ಟೇ. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಖಾಲಿಯಾದ ಜಾಗದಲ್ಲಿ ಮೇಲಿನ ಬೇರು ಗಾಳಿಗೆ ಒಗ್ಗಿಕೊಂಡು ಸಣ್ಣ ರೋಮದ ಹಾಗೆ ಹರಡುತ್ತದೆ. ಉಸಿರಾಡೋದು ಅದೇ. ಗಿಡದ ಮೇಲಿನ ಪ್ರೀತಿಗೆ ನಾನು ಟಬ್ಬನ್ನು ಮತ್ತೆ ಅಂಚಿನವರೆಗೆ ತುಂಬಿಸಿದೆ. ಎರಡು ದಿನಕ್ಕೆ ಗಿಡ ಜೋತುಬಿತ್ತು. ಗಾಳಿಯ ಬೇರನ್ನು ಮುಳುಗಿಸಿ ಉಸಿರು ಕಟ್ಟಿಸಿದ್ದೆ. ತುಂಬಲೇಬೇಕಾದರೆ ಅರ್ಧದ ಕೆಳಗೇ ನಿಲ್ಲಿಸಿ.

ಬುಟ್ಟಿಗೆ ತೆಂಗಿನ ನಾರಿನ ಪುಡಿ ಆಗುತ್ತದೆ. ಅಕ್ಕಿ ಗಿರಣಿಗಳ ನಾಡು ನಮ್ಮದು, ಕಪ್ಪಗೆ ಸುಟ್ಟ ಭತ್ತದ ಹೊಟ್ಟೂ ಚೆನ್ನಾಗಿ ಆಗುತ್ತದೆ. ಬಿಳಿ ಬೂದಿ ಬೇಡ. ಮೂರ್ನಾಲ್ಕು ಸಲ ತೊಳೆಯಿರಿ, ಇಲ್ಲದಿದ್ದರೆ ಪಿ.ಎಚ್. ಏರಿಸುತ್ತದೆ.

ಮುಚ್ಚಳ, ಟಬ್ ಎರಡರಲ್ಲೂ ಬೆಳಕು ತೂರಬಾರದು, ಪಾಚಿ ಕಟ್ಟುತ್ತದೆ. ಸಂದಿಯೂ ಇರಬಾರದು. ನಿಂತ ಶುದ್ಧ ನೀರು ಡೆಂಗಿ ಸೊಳ್ಳೆಗೆ ಬಹಳ ಇಷ್ಟದ ಜಾಗ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ದೀಪ

ಎಲೆಯ ಮೇಲೆ ಫೋನ್ ಇಟ್ಟು ಬೆಳಕು ಅಳೆಯುವ ಆ್ಯಪ್ ನೋಡಿ. ಬಿಳಿ ಎಲ್‌ಇಡಿ ಕೆಳಗೆ ಸುಮಾರು 14,000 ಲಕ್ಸ್ ಬಂದರೆ ದಿನಕ್ಕೆ 14ರಿಂದ 16 ಗಂಟೆ ಉರಿಸಿದಾಗ ಸೊಪ್ಪಿಗೆ ಸಾಕು. 20 ವ್ಯಾಟಿನ ಎರಡು ಪಟ್ಟಿ ದೀಪ 16 ಗಂಟೆ ಉರಿದರೆ ತಿಂಗಳಿಗೆ 19 ಯೂನಿಟ್ ಚಿಲ್ಲರೆ. ನೇರಳೆ ಬಣ್ಣದ ದುಬಾರಿ ದೀಪ ಬೇಕಿಲ್ಲ.

ಯಾವಾಗ ಏನು

ಪಾಲಕ್, ಕೊತ್ತಂಬರಿ, ಲೆಟಿಸ್ ನವೆಂಬರಿನಿಂದ ಫೆಬ್ರವರಿವರೆಗೆ. ಬಿಸಿಗೆ ಕೊತ್ತಂಬರಿ ಎಲೆ ಬಿಡೋದು ಬಿಟ್ಟು ಹೂವಿಗೆ ಹೋಗುತ್ತದೆ. ಮೇ ತಿಂಗಳಲ್ಲಿ ಪಾಲಕ್ ಹಾಕಿದ್ದೇ ನನ್ನ ತಪ್ಪು. ಬೇಸಿಗೆಗೆ ರಾಜಗಿರಿ, ಪುದೀನ ತಡೆಯುತ್ತವೆ. ಪುಂಡಿಪಲ್ಯವನ್ನು ನಾನು ಮಣ್ಣಿನ ಕುಂಡಕ್ಕೇ ಬಿಟ್ಟಿದ್ದೇನೆ.

ಹೊಸಬರು ಪುದೀನದಿಂದಲೇ ಶುರು ಮಾಡಿ. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಕೂಡ ಪುದೀನದ ಜಾತಿಯ ಗಿಡವನ್ನೇ ಮಳೆ ನೀರು, ಥೇಮ್ಸ್ ನದಿಯ ನೀರು, ಮಣ್ಣು ಕಲಸಿದ ನೀರುಗಳಲ್ಲಿಟ್ಟು ತೂಗಿ ನೋಡಿದ್ದ. ಬರೀ ಮಳೆ ನೀರಿಗಿಂತ ಮಣ್ಣು ಕಲಸಿದ ನೀರಲ್ಲೇ ಗಿಡ ಹೆಚ್ಚು ಬೆಳೆಯಿತು. ಸಂತೆಯಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿ ನಾಲ್ಕು ಆರಿಸಿ. ಕೆಳಗಿನ ಎಲೆ ಕಿತ್ತು, ಗೆಣ್ಣು ಮುಳುಗುವಷ್ಟು ಕ್ಯಾನ್ ನೀರಲ್ಲಿ ನೆರಳಿಗಿಡಿ. ಒಂದು ವಾರದೊಳಗೆ ಗೆಣ್ಣಿನ ಹತ್ತಿರ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ ಏಳುತ್ತದೆ. ಅದೇ ಬೇರು. ಅರ್ಧ ಬೆರಳುದ್ದ ಆದ ಮೇಲೆ ಟಬ್‌ಗೆ ಇಳಿಸಿ.