ಗೆರೆ ಎಲ್ಲಿದೆ, ಪಟ್ಟಿಯಲ್ಲಿ ಯಾರಿದ್ದಾರೆ: ಮತಕ್ಷೇತ್ರ ಮತ್ತು ಮತದಾರರ ನೋಂದಣಿ

ಕ್ಷೇತ್ರ ಮರುವಿಂಗಡಣೆ, ಅಂದರೆ ಮತಕ್ಷೇತ್ರಗಳ ಗಡಿಗೆರೆಯನ್ನು ಮತ್ತೆ ಎಳೆಯುವುದು, ಇದರ ವ್ಯಾಖ್ಯೆಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಸಣ್ಣ ಲೆಕ್ಕ ಹಾಕಿ. ನನಗೆ ಈ ಪಾಠ ತಲೆಗೆ ಹತ್ತಿದ್ದು ಅದರಿಂದಲೇ.

15 ಮತದಾರರಿದ್ದಾರೆ. 9 ಜನ ಕೆಂಪು ಪಕ್ಷದ ಕಡೆ, 6 ಜನ ನೀಲಿ ಪಕ್ಷದ ಕಡೆ. ತಲಾ ಐವರಂತೆ 3 ಕ್ಷೇತ್ರ ಮಾಡಬೇಕು. ಪ್ರತಿಯೊಂದರಲ್ಲೂ 3 ಕೆಂಪು, 2 ನೀಲಿ ಬರುವಂತೆ ಗೆರೆ ಎಳೆದರೆ ಮೂರೂ ಸೀಟು ಕೆಂಪಿಗೆ, ನೀಲಿಗೆ ಸೊನ್ನೆ. ಈಗ ಗೆರೆ ಬದಲಿಸಿ. ಒಂದು ಕ್ಷೇತ್ರಕ್ಕೆ 5 ಕೆಂಪು ತುಂಬಿ, ಉಳಿದ ಎರಡರಲ್ಲಿ 2 ಕೆಂಪು, 3 ನೀಲಿ ಇಡಿ. ಎರಡು ಸೀಟು ನೀಲಿಗೆ ಹೋಯಿತು! ಯಾರೂ ಮನಸ್ಸು ಬದಲಿಸಿಲ್ಲ, ಕಳ್ಳಮತ ಬಿದ್ದಿಲ್ಲ. ಮೊದಲನೆಯದು ಎದುರಾಳಿಯ ಮತಗಳನ್ನು ಚದುರಿಸುವ ಆಟ, ಎರಡನೆಯದು ಒಂದೇ ಕಡೆ ತುರುಕುವ ಆಟ.

ಇದಕ್ಕೆ ಜೆರಿಮ್ಯಾಂಡರಿಂಗ್ ಅಂತ ಹೆಸರು. 1812ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ ಒಂದು ಮಸೂದೆಗೆ ಸಹಿ ಹಾಕಿದರು. ಅದರ ಪ್ರಕಾರ ಆದ ಒಂದು ಕ್ಷೇತ್ರ ಹಲ್ಲಿಯಂಥ ಪ್ರಾಣಿ ಸಾಲಮ್ಯಾಂಡರ್ ಥರ ಕಾಣುತ್ತಿತ್ತು. ಗೆರಿ, ಸಾಲಮ್ಯಾಂಡರ್ ಎರಡನ್ನೂ ಸೇರಿಸಿ ಪತ್ರಿಕೆಯಲ್ಲಿ ಗೇಲಿ ಮಾಡಿದರು. ಗೆರೆ ಎಳೆಸಿದ ಗೆರಿ ಅಂತ ನೆನಪಿಟ್ಟುಕೊಳ್ಳಿ, ಮರೆಯೋದಿಲ್ಲ. ಆದರೆ ಆಕಾರ ವಕ್ರವಾಗಿದ್ದರೆ ಮೋಸ, ನೆಟ್ಟಗಿದ್ದರೆ ನ್ಯಾಯ ಅಂತ ಮಾತ್ರ ಬರೆಯಬೇಡಿ. ನದಿ, ಕರಾವಳಿಯಿಂದಲೂ ಗಡಿ ವಕ್ರವಾಗುತ್ತದೆ.

ಗೆರೆಯನ್ನು ಮುಟ್ಟದೆ ಬಿಟ್ಟರೂ ಅನ್ಯಾಯವೇ. ಇಂಗ್ಲೆಂಡಿನ ಓಲ್ಡ್ ಸೇರಂ ಎಂಬಲ್ಲಿ ಜನ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ 1832ರ ಚುನಾವಣಾ ಸುಧಾರಣೆಯ ತನಕ ಅದರ ಹೆಸರಿನಲ್ಲಿ ಇಬ್ಬರು ಸಂಸತ್ತಿನಲ್ಲಿ ಕೂರುತ್ತಿದ್ದರು. ಕಾರ್ಖಾನೆಗಳಿಂದ ಬೆಳೆದು ತುಂಬಿದ್ದ ಮ್ಯಾಂಚೆಸ್ಟರಿಗೆ ಒಂದು ಸೀಟೂ ಇರಲಿಲ್ಲ.

ಇನ್ನು ನೋಂದಣಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೆಸರು ಸೇರಿಸುವುದು ಯಾರ ಕೆಲಸ? ಸ್ವೀಡನ್‌ನಲ್ಲಿ ಸರ್ಕಾರದ ಜನಸಂಖ್ಯಾ ದಾಖಲೆಯಿಂದಲೇ ಮತದಾರರ ಪಟ್ಟಿ ತಯಾರಾಗುತ್ತದೆ, ಅರ್ಜಿ ಬೇಡ. ಆಸ್ಟ್ರೇಲಿಯಾದಲ್ಲಿ ಹೆಸರು ಸೇರಿಸುವುದು ಪ್ರಜೆಯ ಕಡ್ಡಾಯ ಕರ್ತವ್ಯ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಂತೂ ನೋಂದಣಿಯೇ ಇಲ್ಲ, ಗುರುತು ಮತ್ತು ವಿಳಾಸ ತೋರಿಸಿದರೆ ಸಾಕು.

ವಿಳಾಸ ಯಾಕೆ? ನೀವು ಯಾವ ಗೆರೆಯ ಒಳಗಿದ್ದೀರಿ ಅಂತ ಹೇಳುವುದು ಅದೇ ಅಲ್ವಾ. ಹಾಗಾಗಿ ಮನೆ ಬದಲಿಸಿದವರ ಹೆಸರೇ ಜಾಸ್ತಿ ತಪ್ಪಿಹೋಗುವುದು. ಸತ್ತವರ ಹೆಸರು ಉಳಿದುಬಿಡುವುದೂ ತಪ್ಪೇ. ಆದರೆ ಇರುವವರ ಹೆಸರು ಬಿಟ್ಟುಹೋದರೆ ಅದು ಮತಗಟ್ಟೆಯ ಬಾಗಿಲಲ್ಲಿ ಗೊತ್ತಾಗುತ್ತದೆ, ಎಷ್ಟೋ ಕಡೆ ಆ ದಿನ ಸರಿಪಡಿಸಲು ಆಗುವುದಿಲ್ಲ. ಕರಡು ಪಟ್ಟಿ ಹೊರಡಿಸಿ ಆಕ್ಷೇಪಣೆ ಕೇಳುವುದು ಇದಕ್ಕೇ.

ಎರಡೂ ವಿಷಯ ಸೇರುವ ಜಾಗ ಒಂದಿದೆ, ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಕ್ಷೇತ್ರಗಳು ಸಮವಾಗಿರಬೇಕು ಸರಿ, ಯಾವ ಲೆಕ್ಕದಲ್ಲಿ ಸಮ? ಅಮೆರಿಕದಲ್ಲಿ ಸಂಸತ್ತಿನ ಕೆಳಮನೆಗೆ ಮಕ್ಕಳನ್ನೂ ಸೇರಿಸಿ ಎಲ್ಲ ನಿವಾಸಿಗಳನ್ನು ಎಣಿಸುತ್ತಾರೆ. ಬ್ರಿಟನ್ನಿನಲ್ಲಿ ಪಟ್ಟಿಯಲ್ಲಿರುವ ಮತದಾರರನ್ನು ಮಾತ್ರ ಎಣಿಸುತ್ತಾರೆ. ಅಂದರೆ ಬಾಡಿಗೆ ಮನೆ ಬದಲಿಸುತ್ತಾ ಹೆಸರು ಸೇರಿಸದೆ ಉಳಿದವರು ಜಾಸ್ತಿ ಇರುವ ಪ್ರದೇಶಕ್ಕೆ ಬ್ರಿಟನ್ನಿನಲ್ಲಿ ಮತವಷ್ಟೇ ಅಲ್ಲ, ಸೀಟೂ ಕಡಿಮೆಯಾಗಬಹುದು.