ಗುದ್ದಿದರೂ ಜೋರಾಗದ ವಾದ್ಯ

ವೀಣೆಯ ತಂತಿಯನ್ನು ಜೋರಾಗಿ ಮೀಟಿದರೆ ನಾದವೂ ಜೋರಾಗುತ್ತದೆ. ಚರ್ಚಿನ ಪೈಪ್ ಆರ್ಗನ್ ಹತ್ತಿರ ಈ ಆಟ ನಡೆಯುವುದಿಲ್ಲ. ಕೀಬೋರ್ಡಿನ ಒಂದು ಮನೆ (ಕೀ) ಒತ್ತಿದರೆ ಒಳಗೊಂದು ಕವಾಟ ತೆರೆದು ಕೊಳವೆಗೆ ಗಾಳಿ ನುಗ್ಗುತ್ತದೆ, ಅಷ್ಟೇ. ಮೆಲ್ಲಗೆ ಒತ್ತಿ, ಗುದ್ದಿ, ಗಾಳಿಯ ಒತ್ತಡ ಒಂದೇ. ಹಾರ್ಮೋನಿಯಂನಲ್ಲಾದರೆ ತಿದಿಯಾದರೂ ನಮ್ಮ ಕೈಯಲ್ಲಿರುತ್ತದೆ!

ಜರ್ಮನಿಯ ಲೂಥರನ್ ಚರ್ಚುಗಳಲ್ಲಿ ಜನ ಕೀರ್ತನೆ ಹಾಡುವ ಮೊದಲು, ಅದೇ ಧಾಟಿಯ ಸುತ್ತ ಸ್ವರ ಹೆಣೆದು ಆರ್ಗನ್ ನುಡಿಸುವ ರೂಢಿಯಿತ್ತು. ಇದೇ ಕೋರಲ್ ಪ್ರಿಲ್ಯೂಡ್. ಕೀಬೋರ್ಡಿನ ಮೇಲೆ ಹತ್ತು ಬೆರಳು, ಕೆಳಗಿನ ಕಾಲಿನ ಮನೆಗಳ ಮೇಲೆ ಎರಡು ಪಾದ ಒಟ್ಟಿಗೆ ಓಡುವಾಗ ಆ ಧಾಟಿ ಎದ್ದು ಕೇಳಿಸುವುದು ಹೇಗೆ? ಜರ್ಮನಿಯ ಸಂಗೀತ ರಚನೆಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ಗೆ ಇದರ ಗೀಳು. ಅಲ್ಲಿನ ವೈಮಾರ್ ಊರಿನಲ್ಲಿದ್ದಾಗ ಇಂಥ 164 ಧಾಟಿಗಳಿಗೆ ಒಂದು ಪುಸ್ತಕದಲ್ಲಿ ಜಾಗ ಬಿಟ್ಟುಕೊಂಡ. ಬರೆದು ಮುಗಿಸಿದ್ದು 46. ಎಷ್ಟೋ ಪುಟಗಳಲ್ಲಿ ಬರೀ ಹೆಸರಿದೆ, ಥೇಟ್ ನಮ್ಮ ಡೈರಿಗಳ ಥರ.

ಉಪಾಯ ಸರಳ: ಜೋರು ಮಾಡಲಾಗದಿದ್ದರೆ ಕಂಠ ಬದಲಿಸು. ಧಾಟಿಗೆ ಒಂದು ಕೀಬೋರ್ಡ್, ಉಳಿದದ್ದಕ್ಕೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕೊಳವೆ. ಮದುವೆ ಮನೆಯ ಗದ್ದಲದಲ್ಲೂ ಅಮ್ಮನ ದನಿ ಗೊತ್ತಾಗುತ್ತದಲ್ವಾ, ಹಾಗೆ.

ಈ ಕಂಠಗಳನ್ನು ಬೆರೆಸಿಯೂ ತಯಾರಿಸಬಹುದು. ಕೀಬೋರ್ಡಿನ ತೀರಾ ಎಡಗಡೆಯ ಮನೆಗೆ 8 ಅಡಿಯ ತೆರೆದ ಕೊಳವೆಯಿದ್ದರೆ ಅದು ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಉದ್ದ ಅರ್ಧವಾದರೆ ಕಂಪನ ಎರಡು ಪಟ್ಟು. 8, 4, 2⅔, 2, 1⅗ ಅಡಿ ಲೆಕ್ಕದ ಕೊಳವೆಗಳನ್ನು ಒಟ್ಟಿಗೆ ಊದಿಸಿದರೆ ಕಂಪನಗಳು 1, 2, 3, 4, 5ರ ಪಟ್ಟಿನಲ್ಲಿರುತ್ತವೆ. ಮನುಷ್ಯನ ಕಂಠದಲ್ಲೂ ಉಪಸ್ವರಗಳ ಲೆಕ್ಕ ಇದೇ. ಹಾಗಾಗಿ ಕಿವಿ ಮೋಸ ಹೋಗುತ್ತದೆ. ಐದು ಕೊಳವೆ ಕೇಳಿಸುವುದಿಲ್ಲ, ಸ್ವಲ್ಪ ಮೂಗಿನಲ್ಲಿ ಹಾಡಿದಂಥ ಒಂದೇ ದನಿ ಕೇಳುತ್ತದೆ. ಕಾರ್ನೆಟ್ ಅಂತ ಇದರ ಹೆಸರು.

1740ರ ದಶಕದ ಕೊನೆಗೆ ಅಚ್ಚಾದ ಬಾಖ್‌ನ ಆರು ರಚನೆಗಳಲ್ಲಿ ಮೊದಲನೆಯದು 'ವಾಖೆಟ್ ಔಫ್', ಅಂದರೆ 'ಏಳಿರಿ'. ಧಾಟಿ 1599ರಲ್ಲಿ ಪ್ರಕಟವಾದ, ಪಾದ್ರಿ ಫಿಲಿಪ್ ನಿಕೊಲಾಯ್‌ನದು. ಬಲಗೈ ಕುಣಿಯುವ ಹೊಸ ರಾಗ ಎತ್ತಿಕೊಳ್ಳುತ್ತದೆ. ಇದೇ ಪೂರ್ತಿ ಸಂಗೀತ ಅಂದುಕೊಳ್ಳುವಷ್ಟರಲ್ಲಿ ಎಡಗೈಯಲ್ಲಿ ಕೀರ್ತನೆ ನಿಧಾನವಾಗಿ ಶುರುವಾಗುತ್ತದೆ.

ಆರನೆಯದು ಇನ್ನೂ ಕಿಲಾಡಿ. ಕಾಲಿನ ಮನೆಗಳೆಂದರೆ ಮಂದ್ರಕ್ಕೆ ಅಂತ ನಂಬಿದ್ದವರಿಗೆ ಅಲ್ಲಿ 4 ಅಡಿಯ ಕೊಳವೆ ಎದುರಾಗುತ್ತದೆ. ಪಾದ ನುಡಿಸಿದ್ದು ಒಂದು ಸ್ಥಾಯಿ ಮೇಲೆ, ಎರಡು ಕೈಗಳ ನಡುವೆ ಕೇಳುತ್ತದೆ. ಕೈಗಳು ಅಷ್ಟೆಲ್ಲ ಓಡಾಡುತ್ತಿದ್ದರೂ ಧಾಟಿ ಇರುವುದು ಬೂಟಿನ ತುದಿಯಲ್ಲಿ.