ಗೋಲಗುಂಬಜಿನ ಕಲ್ಲು ಕಾಯಿಸಿದ ಕುಲುಮೆ

ವಿಜಯಪುರದ ಗೋಲಗುಂಬಜಿನ ಗೋಡೆಯ ಮೇಲೆ ಕೈಯಿಟ್ಟರೆ ನಾವು ಮುಟ್ಟುವುದು ಆರಿದ ಲಾವಾವನ್ನು. ಅಂಥದೇ ಕಪ್ಪು ಬಸಾಲ್ಟ್ ಕಲ್ಲು ಸವೆದು ಸುತ್ತಲಿನ ಎರೆಮಣ್ಣಾಗಿದೆ. ಬಿಳಿಜೋಳ ಬೆಳೆಯುವುದು ಅದರಲ್ಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಈ ಲಾವಾ ದಖ್ಖನ್ನಿನ ಐದು ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಇಂದಿಗೂ ಮುಚ್ಚಿಕೊಂಡಿದೆ. ಅದನ್ನು ಕಾಯಿಸಿದ ಕುಲುಮೆ ಈಗ ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ, ಮಡಗಾಸ್ಕರಿನ ಪೂರ್ವಕ್ಕಿರುವ ರಿಯೂನಿಯನ್ ದ್ವೀಪದ ಕೆಳಗಿದೆ ಎನ್ನುತ್ತಾರೆ ಬಹುಪಾಲು ಭೂವಿಜ್ಞಾನಿಗಳು.

ಕುಲುಮೆ ಅಷ್ಟು ದೂರ ಹೋದದ್ದಲ್ಲ, ನಮ್ಮ ನೆಲವೇ ಸರಿದು ಬಂದದ್ದು.

ಹಿಂದೆ ಮನೆಗಳಲ್ಲಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದರು. ತಟ್ಟೆಯನ್ನು ಮೆಲ್ಲಗೆ ಎಳೆದರೆ ಮಸಿಯ ಗೆರೆ ಬೀಳುತ್ತದೆ. ಭೂಫಲಕ, ಅಂದರೆ ಮೆಲ್ಲಗೆ ಸರಿಯುವ ಭೂಮಿಯ ಹೊರಚಿಪ್ಪಿನ ತುಂಡು, ಆ ತಟ್ಟೆ. ಆ ಚಿಪ್ಪಿನ ಕೆಳಗಿನ ದಪ್ಪ ಪದರವಾದ ಮ್ಯಾಂಟಲಿನ ಆಳದಿಂದ ಬಿಸಿಬಂಡೆ ಮೇಲೇಳುವ ಜಾಗ, ಅಂದರೆ ಹಾಟ್‌ಸ್ಪಾಟ್, ಆ ದೀಪ. ಆಳದಲ್ಲಿ ಘನವಾಗಿಯೇ ಇದ್ದ ಬಂಡೆ ಮೇಲೇರಿದಂತೆ ಒತ್ತಡ ಇಳಿದು ಕರಗುತ್ತದೆ, ಫಲಕವನ್ನು ಸೀಳಿ ಹೊರಬರುತ್ತದೆ. ಹವಾಯಿಯ ದ್ವೀಪಗಳು ವಾಯವ್ಯಕ್ಕೆ ಹೋದಂತೆಲ್ಲ ಹಳೆಯವಾಗುವುದಕ್ಕೆ 1963ರಲ್ಲಿ ಕೆನಡಾದ ಭೂವಿಜ್ಞಾನಿ ಟೂಜೊ ವಿಲ್ಸನ್ ಕೊಟ್ಟ ಕಾರಣ ಇದೇ. ದೀಪವೂ ಅಷ್ಟಿಷ್ಟು ಕದಲುತ್ತದೆಂದು ಆಮೇಲೆ ತಿಳಿಯಿತು. ಆದರೂ ಗೆರೆ ಎಳೆಯುವುದು ಮುಖ್ಯವಾಗಿ ತಟ್ಟೆಯ ಚಲನೆಯೇ.

ದಖ್ಖನ್ ಉಕ್ಕಿದ ಕಾಲದಲ್ಲಿ ಭಾರತದ ಫಲಕ ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿತ್ತು. ಫಲಕಗಳ ಲೆಕ್ಕದಲ್ಲಿ ಇದು ನಾಗಾಲೋಟ. ಹಿಂದೆ ಉಳಿದ ಗೆರೆಯೇ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ದ್ವೀಪಗಳನ್ನು ಹೊತ್ತ ಕಡಲಡಿಯ ಏಣು. 1987ರಲ್ಲಿ ಜಾಯ್ಡೆಸ್ ರೆಸಲ್ಯೂಷನ್ ಎಂಬ ಸಂಶೋಧನಾ ಹಡಗು ಈ ಏಣನ್ನು ಕೊರೆದು ಕಲ್ಲು ತೆಗೆಯಿತು. ಮಾಲ್ಡೀವ್ಸ್ ಅಂಚಿನ ಬಸಾಲ್ಟಿಗೆ ಸುಮಾರು 5.7 ಕೋಟಿ ವರ್ಷ, ಚಾಗೋಸಿನದಕ್ಕೆ 4.9 ಕೋಟಿ. ದಕ್ಷಿಣಕ್ಕೆ ಹೋದಂತೆ ವಯಸ್ಸು ಇಳಿಯುತ್ತದೆ. ನನಗೆ ಇದಕ್ಕಿಂತ ಚಂದದ ಸಾಕ್ಷ್ಯ ಇನ್ನೊಂದಿಲ್ಲ.

ಮುಂದೆ ಗೆರೆ ತುಂಡಾಗಿದೆ. ಕಡಲತಳ ಎರಡಾಗಿ ಸೀಳಿ ಹಿಗ್ಗುವ ಮಧ್ಯಸಾಗರದ ಏಣು, ಸುಮಾರು ಮೂರೂವರೆ ಕೋಟಿ ವರ್ಷಗಳ ಹಿಂದೆ ದೀಪದ ಮೇಲೆಯೇ ಹಾದುಹೋಯಿತು. ಅಲ್ಲಿಂದ ಮಸಿ ಬಿದ್ದದ್ದು ಆಫ್ರಿಕಾದ ಫಲಕಕ್ಕೆ. ಸುಮಾರು 80 ಲಕ್ಷ ವರ್ಷದ ಹಿಂದೆ ಮಾರಿಷಸ್, ಬಳಿಕ ರಿಯೂನಿಯನ್. (ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳ ಕಲ್ಲುಕಂಬಗಳು ಈ ಸಾಲಿನವಲ್ಲ, ಅವು ದಖ್ಖನ್ನಿಗಿಂತ ಎರಡು ಕೋಟಿ ವರ್ಷ ಹಿರಿಯವು, ಮಡಗಾಸ್ಕರ್ ನಮ್ಮಿಂದ ಬೇರಾದ ಕಾಲದವು.)

ದೀಪದಿಂದ ದೂರವಾದ ದ್ವೀಪ ಆರುತ್ತದೆ. ಅಲೆಗಳು ಅದನ್ನು ತಿನ್ನುತ್ತವೆ. ಕೆಳಗಿನ ಫಲಕ ತಣಿದು ಕುಗ್ಗಿದಂತೆ ದ್ವೀಪವೂ ತಗ್ಗುತ್ತದೆ. ಬೆಚ್ಚನೆಯ ಕಡಲಾದರೆ ಹವಳದ ಜೀವಿಗಳು ಮುಳುಗುವ ದಡದ ಮೇಲೆ ಪದರ ಕಟ್ಟುತ್ತ ಬೆಳಕಿನತ್ತ ಬೆಳೆಯುತ್ತವೆ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳಲ್ಲಿ ಕಾಲಿಗೆ ಸಿಗುವುದು ಕಪ್ಪು ಕಲ್ಲಲ್ಲ, ಹವಳದ ಬಿಳಿ ಮರಳು.

ರಿಯೂನಿಯನ್ನಿನ ಒಂದು ಶಿಖರ, 3,070 ಮೀಟರ್ ಎತ್ತರದ ಪಿಟೋನ್ ದೆ ನೇಜ್, ಆಗಲೇ ಆರಿಹೋಗಿದೆ. ಮಳೆ ಅದನ್ನು ಆಳವಾದ ಕಣಿವೆಗಳಾಗಿ ಕೊರೆದಿದೆ. ಆಗ್ನೇಯಕ್ಕಿರುವ ಇನ್ನೊಂದು ಪಿಟೋನ್ ಡ ಲಾ ಫೂರ್ನೇಸ್. ಹೆಸರಿನ ಅರ್ಥವೇ ಕುಲುಮೆಯ ಶಿಖರ. 2007ರ ಏಪ್ರಿಲಿನಲ್ಲಿ ಅದರ ಲಾವಾ ಕಡಲಿಗಿಳಿದು ದ್ವೀಪಕ್ಕೆ ಹೊಸ ದಡವೊಂದನ್ನು ಸೇರಿಸಿತು, ಕಪ್ಪು ಬಸಾಲ್ಟಿನದು.